ಯಾರಿಗೂ ಕೇಳಿಸದ ಸಾಲುಗಳು

ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ನಾಲ್ಕೇ ಜನ. ನಮ್ಮ ಅಬ್ಬರದ ರಾಕ್ ಸಂಗೀತವನ್ನು ನಾವು ಪಂಕ್, ಥ್ರಾಶ್ ಮೆಟಲ್ ಎನ್ನುತ್ತಿದ್ದೆವು. ನನ್ನ ಅಮ್ಮನ ಪ್ರಕಾರ ಅದು ತಗಡಿನ ಮೇಲೆ ಜಲ್ಲಿ ಸುರಿದ ಸದ್ದು. ಅಂಧೇರಿಯಲ್ಲಿ ಡ್ರಮ್ಮರನ ಮಾವನ ವರ್ಕ್‌ಶಾಪಿಗೆ ಭಾನುವಾರ ರಜೆ. ಅವತ್ತು ಮಧ್ಯಾಹ್ನ ಅಲ್ಲಿ, ಲೇತ್ ಯಂತ್ರಗಳ ನಡುವೆ ನಿಂತು ಅಭ್ಯಾಸ ಮಾಡುತ್ತಿದ್ದೆವು. ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವನೆಂದು ಇಂಗ್ಲಿಷ್ ಹಾಡು ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಬ್ಯಾಂಡಿನ ಜೀವವೆಂದರೆ ನಮ್ಮ ಗಿಟಾರಿಸ್ಟ್. ದಾದರಿನ ಚಾಳಿನಲ್ಲಿ, ಒಂದೊಂದೇ ಕೋಣೆಯ ಮನೆಗಳ ಸಾಲಿನಲ್ಲಿ ಬೆಳೆದವನು, ಮನೆಯವರು ವಿಜಾಪುರದ ಕಡೆಯವರು. ಯಾರೋ ನಕಲು ಮಾಡಿಕೊಟ್ಟ ಕ್ಯಾಸೆಟ್ಟನ್ನು ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದರ ಜೊತೆಗೇ ನುಡಿಸುತ್ತಿದ್ದ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೆ. ಅವನ ಅಪ್ಪ ಮಿಲ್ ಕಾರ್ಮಿಕರಾಗಿದ್ದರು. ಮುಂಬಯಿಯ ಬಟ್ಟೆ ಮಿಲ್ಲುಗಳ ದೊಡ್ಡ ಮುಷ್ಕರದ ನಂತರ ಅವರ ಮಿಲ್ಲು ಮತ್ತೆ ತೆರೆಯಲೇ ಇಲ್ಲ.

ಒಂದು ಸಂಜೆ ಲೋಕಲ್ ರೈಲಿನ ಬಾಗಿಲಲ್ಲಿ ನಿಂತಿದ್ದಾಗ ಅವನು ನನಗೊಬ್ಬನಿಗೇ ಹೇಳಿದ:

"ಅಪ್ಪ ಇನ್ನೂ ದಿನಾ ಶಿಫ್ಟಿನ ಹೊತ್ತಿಗೆ ಡಬ್ಬಿ ಹಿಡಕೊಂಡು ಹೊರಗ ಬೀಳ್ತಾನ. ಸ್ಟೇಶನ್ ಬೆಂಚಿನ ಮ್ಯಾಲೆ ಕುಂತು, ಉಂಡು, ಸಂಜಿಗೆ ಮನಿಗೆ ಬರ್ತಾನ. ಬ್ಯಾರೆ ಕೆಲಸ ಸಿಕ್ಕೈತಿ ಅಂತ ಅವ್ವಗ, ಚಾಳಿನ ಮಂದಿಗೆಲ್ಲ ಹೇಳ್ಯಾನ. ಸಾಲ ತಂದು ಪಗಾರ ಅಂತ ಕೊಡ್ತಾನ. ನಾ ನೋಡೀನಿ ಅನ್ನೂದು ಅವಗ ಗೊತ್ತಿಲ್ಲ. ಯಾರಿಗೂ ಹೇಳಬ್ಯಾಡಲೇ."

ಇಲ್ಲ ಎಂದೆ. ಅದೇ ವಾರ ಅದನ್ನೇ ಹಾಡಾಗಿ ಬರೆದೆ. ಕನಿಕರದಿಂದ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಒಳ್ಳೆಯ ವಸ್ತು ಸಿಕ್ಕಿತೆಂದು ಹಿಗ್ಗಿದ್ದೆ. "ಎದರ ಮ್ಯಾಲೆ ಬರದೀ?" ಎಂದು ಅವನು ಕೇಳಿದಾಗ "ಈ ಊರಿನ ಮೇಲೆ" ಎಂದುಬಿಟ್ಟೆ. ಅವನು ತನ್ನ ಬದುಕಿನಲ್ಲೇ ಅತ್ಯುತ್ತಮವಾದ ಗಿಟಾರ್ ಮಟ್ಟನ್ನು ಅದಕ್ಕೆ ಕೂಡಿಸಿದ. ನಮ್ಮ ಗಾಯಕ ಕಿರುಚುವ ರೀತಿಗೆ ಇಂಗ್ಲಿಷ್ ಬಲ್ಲವರಿಗೂ ಒಂದು ಪದವೂ ತಿಳಿಯುತ್ತಿರಲಿಲ್ಲ. ಕಾಲೇಜುಗಳ ಕಾರ್ಯಕ್ರಮಗಳಲ್ಲಿ ನಮ್ಮ ಮೇಲೆ ಚಪ್ಪಲಿ ಬಿದ್ದ ದಿನವೂ ಆ ಹಾಡಿಗೆ ಹುಡುಗರು ಕುಣಿದರು. ಸುಮಾರು ಒಂದು ವರ್ಷ ಅವನು ತನ್ನ ಅಪ್ಪನ ಕಥೆಯನ್ನು ತಿಳಿಯದೆಯೇ ನುಡಿಸಿದ.

ಆಮೇಲೆ ನಾವೊಂದು ಕ್ಯಾಸೆಟ್ ಮಾಡಿದೆವು. ಜೊತೆಗೆ ಸಾಹಿತ್ಯದ ಜೆರಾಕ್ಸ್ ಹಾಳೆಯೂ ಇರಲಿ ಎಂದ ಗಾಯಕ. ನಾನು ಬೇಡವೆನ್ನಬಹುದಿತ್ತು. ನನ್ನ ಸಾಲುಗಳನ್ನು ಜನ ಓದಲಿ ಎಂಬ ಆಸೆಗೆ ಸುಮ್ಮನಿದ್ದೆ.

ಮುಂದಿನ ಭಾನುವಾರ ಗಿಟಾರಿಸ್ಟ್ ಅಭ್ಯಾಸಕ್ಕೆ ಬರಲಿಲ್ಲ. ದಾದರಿಗೆ ಹೋದೆ. ಚಾಳಿನ ಮೆಟ್ಟಿಲ ಬಳಿಯೇ ಸಿಕ್ಕಿದ.

"ತಂಗಿ ಕಾಲೇಜಿಗೆ ಹೋಗ್ತಾಳಲ್ಲ, ಹಾಳಿ ಓದಿ ಎಲ್ಲಾರಿಗೂ ಕನ್ನಡದಾಗ ಹೇಳಾಕ ಹತ್ತಿದ್ಲು. ಮಿಲ್ಲು, ಡಬ್ಬಿ, ಬೆಂಚಿನ ಮಾತು ಬಂದ ಮ್ಯಾಲೆ ಇದು ಅಪ್ಪನ ಕತಿ ಅಂತ ಅಕಿಗೂ ತಿಳೀತು. ಅಪ್ಪ ಅಲ್ಲೇ ಕುಂತಿದ್ದ."

ಒಳಗಿನಿಂದ ಅವನ ಅಪ್ಪ ನನ್ನನ್ನು ಕರೆದರು. ಕೂರಿಸಿ, ಚಹಾ ತರಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಕೇಳಿದರು: "ಹಾಡು ಬರದಾವ ನೀನ ಏನು?"

"ಹೌದು, ಕಾಕಾ."

"ಎಲ್ಲಾ ಖರೇನ ಬರದೀಪಾ. ಖರೆ ಐತಿ ಅಂತ ಊರ ತುಂಬ ಹಂಚಬೇಕಾಗಿತ್ತೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲ ಬಳಿ ಕೂತಿದ್ದ ಅವನ ಅವ್ವ ತಲೆ ಎತ್ತಲೇ ಇಲ್ಲ. ಚಹಾ ಅರ್ಧದಲ್ಲೇ ಬಿಟ್ಟು ಎದ್ದುಬಂದೆ.

ಅಂದಿನಿಂದ ಅವನ ಅಪ್ಪ ಮನೆಯಿಂದ ಹೊರಡುವುದನ್ನೇ ಬಿಟ್ಟರಂತೆ. ಗಿಟಾರಿಸ್ಟ್ ನಮ್ಮ ಬಳಿಗೆ ಮತ್ತೆ ಬರಲಿಲ್ಲ. ಅವನಿಲ್ಲದ ಬ್ಯಾಂಡ್ ಎರಡು ತಿಂಗಳೂ ಬಾಳಲಿಲ್ಲ. ಕೆಲವು ವರ್ಷಗಳ ನಂತರ, ಸಹೋದ್ಯೋಗಿಯೊಬ್ಬರ ಮಗಳ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರ ಜೊತೆ ಅವನು ಹಿಂದಿ ಸಿನಿಮಾ ಹಾಡು ನುಡಿಸುತ್ತಿದ್ದುದನ್ನು ಕಂಡೆ. ಬಿಡುವಿನಲ್ಲಿ ಹತ್ತಿರ ಹೋಗಿ "ಚೆನ್ನಾಗಿದ್ದೀಯಾ?" ಎಂದೆ. "ಅದೀನಿ" ಎಂದು ತಂತಿ ಬಿಗಿಯತೊಡಗಿದ. ಅವನ ಅಪ್ಪ ಹೇಗಿದ್ದಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ.