ಎಲ್ವೀರಾಳ ತಂಡ, ರಿಮಾಂತಾಸನ ಹೆಸರು

ನನ್ನ ಅಕ್ಕ ಎಲ್ವೀರಾ ಉತೆನಾ ಪೇಟೆಯ ಮಾರುಕಟ್ಟೆಯ ಮೂಲೆಯಲ್ಲಿ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಕಿತ್ತುಹೋದ ಜಿಪ್ ಬದಲಿಸುವುದು, ಹಳೆಯ ಕೋಟಿಗೆ ಲೈನಿಂಗ್ ಹಾಕುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಇಷ್ಟೇ. ಮಾತು ಬಹಳ ಕಡಿಮೆ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುವವಳಿಗೆ ಮಾತೆಲ್ಲಿಂದ ಬರಬೇಕು ಎಂದು ಅಮ್ಮ ನಗುತ್ತಿದ್ದಳು. ಅವಳ ಪಾಲಿನ ಮಾತನ್ನೂ ಸೇರಿಸಿ ನಾನೇ ಆಡುತ್ತೇನೆ. ನನ್ನ ಹೆಸರು ನಿಯೋಲೆ. ಈಗ ಹೇಳಹೊರಟಿರುವುದನ್ನು ಸಮಾಧಾನವಾಗಿ ಹೇಳುತ್ತೇನೆಂದು ಯಾರಿಗೂ ಮಾತು ಕೊಟ್ಟಿಲ್ಲ.

ಲಿಥುವೇನಿಯಾದಲ್ಲಿ ಹುಟ್ಟಿದ ಮೇಲೆ ಬಾಸ್ಕೆಟ್‌ಬಾಲ್ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಳ್ಳದೆ ಬದುಕುವುದು ಕಷ್ಟ. ನಮ್ಮ ಭಾವ ರಿಮಾಂತಾಸನಿಗಂತೂ ಅಭಿಪ್ರಾಯ ಬಿಟ್ಟರೆ ಬೇರೆ ಆಸ್ತಿಯೇ ಇಲ್ಲ. ಪೀಠೋಪಕರಣದ ಕಾರ್ಖಾನೆಯಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಾನೆ. ಒಂದು ಚಳಿಗಾಲದಲ್ಲಿ ಕೆಲಸದ ಗೆಳೆಯರ ಮಾತು ಕೇಳಿ ಇಂಟರ್‌ನೆಟ್ಟಿನ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ತನ್ನ ಹೆಸರಿಗೆ ಒಂದು ತಂಡ ತೆರೆದ. ಅದಕ್ಕೆ 'ಉತೆನಾ ಕೊಕ್ಕರೆಗಳು' ಎಂದು ಹೆಸರಿಟ್ಟ. ತಂಡಕ್ಕಾಗಿ ಅವನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಆ ಆಟದಲ್ಲಿ ನಿಜವಾದ ಆಟಗಾರರು ಯಾರೂ ಇಲ್ಲ, ಎಲ್ಲರೂ ಕಂಪ್ಯೂಟರ್ ಹುಟ್ಟಿಸಿದ ಹುಡುಗರು. ಹೆಸರು, ಎತ್ತರ, ವಯಸ್ಸು, ಪಾಸ್ ಕೊಡುವುದರಲ್ಲಿ ಎಷ್ಟು ಅಂಕ, ಎಸೆಯುವುದರಲ್ಲಿ ಎಷ್ಟು ಅಂಕ, ಇಷ್ಟೇ ಅವರ ಜಾತಕ. ಅವರನ್ನು ಕೊಳ್ಳಬೇಕು, ವಾರವಾರ ಒಂದೊಂದು ವಿದ್ಯೆಯಲ್ಲಿ ತರಬೇತಿ ಕೊಡಬೇಕು, ಆಟದೊಳಗಿನ ಸುಳ್ಳು ದುಡ್ಡಿನಲ್ಲಿ ಸಂಬಳ ಕೊಡಬೇಕು. ಶನಿವಾರ ಸಂಜೆ ಕಂಪ್ಯೂಟರೇ ಪಂದ್ಯ ಆಡಿಸುತ್ತದೆ. ಅಷ್ಟರೊಳಗೆ ಮ್ಯಾನೇಜರು ತನ್ನ ತಂಡ ಬುಟ್ಟಿಯ ಕೆಳಗೆ ನುಗ್ಗಿ ಆಡುತ್ತದೋ ದೂರದಿಂದ ಎಸೆದು ಆಡುತ್ತದೋ ಎಂದು ಬರೆದಿಡಬೇಕು. ಎದುರಾಳಿ ಹೇಗೆ ಆಡಬಹುದೆಂದು ಊಹಿಸಿ ಅದನ್ನೂ ಬರೆಯಬೇಕು. ಊಹೆ ಸರಿಯಾದರೆ ನಿಮ್ಮ ರಕ್ಷಣೆ ಗಟ್ಟಿ, ತಪ್ಪಿದರೆ ಸಡಿಲ. ಪಂದ್ಯ ಮುಗಿದ ಮೇಲೆ ಯಾರು ಏನು ಊಹಿಸಿದ್ದರೆಂಬುದು ಇಬ್ಬರಿಗೂ ಕಾಣುತ್ತದೆ. ಈ ಊಹೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾವ ಮೊದಲ ವಾರವೇ ಸಿಕ್ಕವರಲ್ಲಿ ಅತಿ ಎತ್ತರದವನನ್ನು ಕೊಂಡ. ಆ ಒಬ್ಬನ ಸಂಬಳ ಉಳಿದವರೆಲ್ಲರ ಅನ್ನ ತಿಂದುಹಾಕಿತು. ಚೆಂಡನ್ನು ಅವನ ಕೈಗೆ ತಲುಪಿಸುವ ಒಬ್ಬ ನರಪಿಳ್ಳೆಯೂ ತಂಡದಲ್ಲಿರಲಿಲ್ಲ. ಸೋಲಿನ ಮೇಲೆ ಸೋಲು. ಅಕ್ಕ ಹಿಂದೆ ನಿಂತು ಬಟ್ಟೆ ಮಡಚುತ್ತಿದ್ದಳು.

"ಈ ಒಬ್ಬನ ಸಂಬಳಕ್ಕೆ ನಾಲ್ಕು ಜನ ಬರ್ತಾರಲ್ಲ," ಎಂದಳು.

"ಅಷ್ಟು ಗೊತ್ತಿದ್ರೆ ನೀನೇ ನಡ್ಸು," ಎಂದು ಭಾವ ಎದ್ದು ಹೋಗಿ ಟಿವಿ ಹಾಕಿಕೊಂಡ.

ಅವಳು ನಡೆಸಿದಳು. ಹತ್ತು ಹನ್ನೊಂದು ವರ್ಷ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅರ್ಧ ಗಂಟೆ, ಊಟದ ಬಿಡುವಿನಲ್ಲಿ ಕರಿ ರೊಟ್ಟಿ ಕಚ್ಚುತ್ತ ಇನ್ನರ್ಧ ಗಂಟೆ. ಕೆಳಗಿನ ದರ್ಜೆಯಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ ತಂಡವನ್ನು ಮೇಲಿನ ದರ್ಜೆಗೆ ತಂದಳು. ಖಾತೆ ಮಾತ್ರ ರಿಮಾಂತಾಸನ ಹೆಸರಿನಲ್ಲೇ ಇತ್ತು. ಲೀಗಿನ ಚರ್ಚೆಯ ಪುಟದಲ್ಲಿ ಅವಳು ಬರೆದದ್ದೆಲ್ಲ ಅವನ ಹೆಸರಿನಲ್ಲೇ ಹೋಗುತ್ತಿತ್ತು. 'ರಿಮಾಂತಾಸ್, ನಿನ್ನ ತಲೆಯೇ ತಲೆ ಮಾರಾಯ' ಎಂದು ಊರೂರಿನ ಗಂಡಸರು ಬರೆಯುತ್ತಿದ್ದರು. ಕಾರ್ಖಾನೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಭಾವ ಶೌಚಾಲಯಕ್ಕೆ ಹೋಗಿ ಅಂಗಡಿಗೆ ಫೋನ್ ಮಾಡುತ್ತಿದ್ದ.

"ಎಲ್ವೀರಾ, ಆ ಲಾಟ್ವಿಯಾದ ಹುಡುಗನ್ನ ನಾವ್ಯಾಕೆ ಮಾರಿದ್ವಿ?"

ನಾವು. ಕೇಳಿದಿರಾ? ಅಕ್ಕ ಬಾಯಿಂದ ಸೂಜಿ ತೆಗೆದು ತಾಳ್ಮೆಯಿಂದ ವಿವರಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಕ್ಕ, ಒಂದ್ಸಲ ಹೇಳ್ಬಿಡು, ಇದು ನನ್ನ ಟೀಮು ಅಂತ."

"ಯಾಕೆ ಬಿಡು. ಖುಷಿಯಾಗಿರ್ತಾನೆ," ಎನ್ನುತ್ತಿದ್ದಳು.

ಆದರೆ ಅವಳಿಗೂ ಒಂದು ಆಸೆ ಇತ್ತು. ಪ್ರತಿ ವರ್ಷ ಜೂನ್ ಕೊನೆಯಲ್ಲಿ, ಸಂತ ಜಾನ್ ಹಬ್ಬ ಕಳೆದ ಮೇಲಿನ ಶನಿವಾರ, ಲೀಗಿನವರೆಲ್ಲ ಝರಸಾಯ್ ಊರಿನ ಹತ್ತಿರ ಕೆರೆಯ ದಂಡೆಯ ಒಂದು ತೋಟದ ಮನೆಯಲ್ಲಿ ಸೇರುತ್ತಾರೆ. ಗಂಡಸರು ಮಾಂಸ ಸುಡುತ್ತಾರೆ, ಹಬೆಯ ಕೋಣೆಯಲ್ಲಿ ಬೆವರಿ ಕೆರೆಗೆ ಹಾರುತ್ತಾರೆ. ಹೆಂಗಸರು ಸಲಾಡಿನ ಮೇಜಿನ ಬಳಿ ನಿಂತು ಎಲ್ಲವನ್ನೂ ಗಮನಿಸುತ್ತಾರೆ. ಊಟವಾದ ಮೇಲೆ ಆ ವರ್ಷ ಗೆದ್ದವನು ಎದ್ದು ನಿಂತು ತನ್ನ ತಂಡ ಹೇಗೆ ಕಟ್ಟಿದನೆಂದು ಹೇಳಬೇಕು. ಯಾರು ಏನೇ ಕೇಳಿದರೂ ಮುಚ್ಚಿಡದೆ ಉತ್ತರ ಕೊಡಬೇಕು. ಇದು ಅಲ್ಲಿನ ಪದ್ಧತಿ. ಎಷ್ಟೋ ವರ್ಷ ಅಕ್ಕ ತಟ್ಟೆ ಹಿಡಿದುಕೊಂಡು ಆ ಭಾಷಣಗಳನ್ನು ಕೇಳಿದ್ದಳು. ಒಂದು ಸಲ, ಒಂದೇ ಒಂದು ಸಲ, ತಾನು ಅಲ್ಲಿ ನಿಂತು ಹೇಳಬೇಕು ಎಂಬುದು ಅವಳಾಸೆ. ಹೊಟ್ಟೆಗೂ ಅಲ್ಲ, ಬಟ್ಟೆಗೂ ಅಲ್ಲ. ತಾನು ಕಟ್ಟಿದ್ದನ್ನು ತನ್ನದು ಎನ್ನುವ ಆಸೆ.

ಕಳೆದ ವಸಂತದಲ್ಲಿ ಕೊಕ್ಕರೆಗಳು ಫೈನಲ್ ತಲುಪಿದವು. ಆ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಭಾವ ಆಲೂಗಡ್ಡೆಯ ದೋಸೆಯ ಮೇಲೆ ಹುಳಿ ಕ್ರೀಮ್ ಸುರಿದುಕೊಳ್ಳುತ್ತ ತಾನಾಗಿಯೇ ಹೇಳಿದ.

"ಗೆದ್ರೆ ಈ ಸಲ ನೀನೇ ಎದ್ದು ಹೇಳು, ಎಲ್ವೀರಾ. ಎಲ್ರಿಗೂ ಗೊತ್ತಾಗ್ಲಿ, ಯಾರ ತಲೆ ಅಂತ."

ನಾನು ಕೇಳಿದ್ದೇನೆ. ಈ ಎರಡು ಕಿವಿಯಿಂದ ಕೇಳಿದ್ದೇನೆ. ಆಗ ಅವನ ಮೇಲೆ ಸ್ವಲ್ಪ ಪ್ರೀತಿಯೂ ಬಂತು, ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅಕ್ಕ ಮಾರನೆಯ ದಿನವೇ ಹಸಿರು ನಾರುಬಟ್ಟೆ ತಂದು ತನಗೊಂದು ಉಡುಪು ಹೊಲಿಯಲು ಕೂತಳು. ಬೇರೆಯವರ ಹರುಕು ಹೊಲಿದೇ ಕಾಲ ಕಳೆದವಳು ತನಗಾಗಿ ಹೊಸದನ್ನು ಹೊಲಿದದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಹೊಲಿಯುತ್ತಲೇ ಭಾಷಣ ಅಭ್ಯಾಸ ಮಾಡುತ್ತಿದ್ದಳು. ಕೇಳುವವಳು ನಾನೊಬ್ಬಳೇ.

"ಮೊದಲ್ನೇದು, ಎತ್ತರ ನೋಡಿ ಮರುಳಾಗ್ಬೇಡಿ. ಹದಿನೆಂಟರ ಹುಡುಗರನ್ನ ತಗೊಳ್ಳಿ. ಎಲ್ರೂ ಮೊದಲು ಎಸೆಯೋದನ್ನ ಕಲಿಸ್ತಾರೆ, ಅಂಕ ಬೇಗ ಏರುತ್ತೆ, ನೋಡೋಕೆ ಚೆಂದ. ನಾನು ಮೊದಲು ಪಾಸು, ಚೆಂಡಿನ ಹಿಡಿತ, ಅಂಥದ್ದು ಕಲಿಸ್ತೀನಿ. ಅದು ನಿಧಾನ. ವಯಸ್ಸಾದ ಮೇಲೆ ಇನ್ನೂ ನಿಧಾನ. ಕೋಟಿಗೆ ಲೈನಿಂಗ್ ಕೂರಿಸೋ ಹಾಗೆ, ಹೊರಗೆ ಕಾಣಲ್ಲ, ಆದರೆ ಕೋಟು ನಿಲ್ಲೋದು ಅದರಿಂದ್ಲೇ."

"ಕೊಳ್ಳೋದು ಯಾವಾಗ?" ಎಂದು ನಾನು ಕೇಳಬೇಕಿತ್ತು, ಸಭಿಕಳಲ್ಲವೇ.

"ಋತು ಮುಗಿದ ವಾರ. ಕೆಳಗಿನ ದರ್ಜೆಗೆ ಬಿದ್ದೋರು ಸಿಟ್ಟಲ್ಲಿ ಒಳ್ಳೊಳ್ಳೆ ಹುಡುಗರನ್ನ ಎಸೆದ್ಬಿಡ್ತಾರೆ. ಬೇರೆಯವರ ಸಿಟ್ಟು ಇಳಿಯೋದ್ರೊಳಗೆ ನಮ್ಮ ಕೆಲಸ ಮುಗಿಸ್ಬೇಕು."

ಫೈನಲಿನ ಎದುರಾಳಿ ಝೆನೋನಾಸ್. ಪಕ್ಕದ ಊರಿನ ಶಾಲೆಯಲ್ಲಿ ಪಿ.ಟಿ. ಮೇಷ್ಟರು, ದೊಡ್ಡ ದನಿಯ, ಕೆಟ್ಟ ಮನಸ್ಸಿಲ್ಲದ ಮನುಷ್ಯ. ಅವನ ತಂಡ ಅಕ್ಕನ ತಂಡಕ್ಕಿಂತ ಬಲವಾದದ್ದು. ಆದರೆ ಅಕ್ಕನ ಬಳಿ ಒಂದು ಗುಟ್ಟಿತ್ತು. ಕೊಕ್ಕರೆಗಳು ಬುಟ್ಟಿಯ ಕೆಳಗೆ ನುಗ್ಗಿ ಆಡುವವು ಎಂದು ಇಡೀ ಲೀಗಿಗೆ ಗೊತ್ತು, ಎಂದೂ ಬೇರೆ ರೀತಿ ಆಡಿಲ್ಲ. ಅಕ್ಕ ಮೂರು ಋತುಗಳಿಂದ ತನ್ನ ಎತ್ತರದ ಹುಡುಗರಿಗೆ ದೂರದಿಂದ ಎಸೆಯುವುದನ್ನು ಸದ್ದಿಲ್ಲದೆ ಕಲಿಸುತ್ತ ಬಂದಿದ್ದಳು. ಒಂದು ಪಂದ್ಯದಲ್ಲೂ ಅದನ್ನು ಹೊರಗೆ ತೆಗೆಯಲಿಲ್ಲ. ಕೆಲವು ಪಂದ್ಯಗಳನ್ನು ಸೋತರೂ ತೆಗೆಯಲಿಲ್ಲ. ಇಂಥ ಆಟ ಒಂದೇ ಸಲ ನಡೆಯುತ್ತದೆ, ಆಮೇಲೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅದನ್ನು ಫೈನಲಿಗೆ ಕಾಪಾಡಿಕೊಂಡಿದ್ದಳು. ನನಗೂ ಹೇಳಿರಲಿಲ್ಲ, ನನ್ನ ಬಾಯಿ ಅವಳಿಗೆ ಗೊತ್ತು. ಹೇಳಿದ್ದು ಗಂಡನೊಬ್ಬನಿಗೆ.

ಶನಿವಾರ ಸಂಜೆ ಪಂದ್ಯ ನಡೆಯಿತು. ಕೊಕ್ಕರೆಗಳು ದೂರದಿಂದ ಎಸೆದವು, ಎಸೆದದ್ದೆಲ್ಲ ತಪ್ಪಿತು. ಪ್ರತಿಯೊಬ್ಬನ ಮುಂದೆಯೂ ಝೆನೋನಾಸನ ಹುಡುಗ ಕೈ ಎತ್ತಿ ಮೊದಲೇ ನಿಂತಿದ್ದ. ಹೀನಾಯ ಸೋಲು. ಕೊನೆಗೆ ವರದಿ ಬಂತು. ಎದುರಾಳಿಯ ಊಹೆ: ದೂರದಿಂದ. ಸರಿಯಾಗಿದೆ.

ಅಕ್ಕ ಆ ಸಾಲನ್ನೇ ನೋಡುತ್ತ ಕೂತಳು. ಆಮೇಲಿನ ವಾರಗಳಲ್ಲಿ ಅವಳು ತನ್ನನ್ನು ತಾನೇ ಕುಟುಕಿಕೊಂಡದ್ದು ಅಷ್ಟಿಷ್ಟಲ್ಲ. ಯಾವುದೋ ಹಳೆಯ ಪಂದ್ಯದಲ್ಲಿ ಸುಳಿವು ಬಿಟ್ಟೆನೇ? ಚರ್ಚೆಯ ಪುಟದಲ್ಲಿ ಮಾತು ಜಾರಿತೇ? ಮೂರು ಋತುಗಳ ಪಂದ್ಯಗಳನ್ನೆಲ್ಲ ಬಿಚ್ಚಿ ಬಿಚ್ಚಿ ನೋಡಿದಳು. ಭಾವ ಪಕ್ಕದಲ್ಲೇ ಕೂತು ನೋಡಿದ.

"ಹೋಗ್ಲಿ ಬಿಡು ಎಲ್ವೀರಾ, ಆಟ ತಾನೆ. ಎಲ್ಲೋ ನೀನೇ ಎಡವಿರ್ಬೇಕು," ಎಂದ.

'ನೀನೇ ಎಡವಿರ್ಬೇಕು.' ಈ ಮಾತನ್ನೂ ನೆನಪಿಟ್ಟುಕೊಳ್ಳಿ.

ಕೆರೆಯ ದಂಡೆಗೆ ಆ ವರ್ಷವೂ ಹೋದೆವು. ಅಕ್ಕ ಹಸಿರು ಉಡುಪನ್ನೇ ಹಾಕಿದ್ದಳು. ಹೊಲಿದದ್ದಾಗಿದೆ, ಇನ್ನೇನು ಮಾಡಲಿ ಎಂದಳು. ನಾನು ರೊಟ್ಟಿ ಕತ್ತರಿಸುತ್ತಿದ್ದೆ, ಅವಳು ತಣ್ಣನೆಯ ಬೀಟ್‌ರೂಟ್ ಸಾರನ್ನು ಬಟ್ಟಲುಗಳಿಗೆ ಬಡಿಸುತ್ತಿದ್ದಳು. ಝೆನೋನಾಸ್ ಎದ್ದು ನಿಂತ. ತನ್ನ ತಂಡದ ಕಥೆಯನ್ನೆಲ್ಲ ಹೇಳಿ, ಕೊನೆಗೆ ಗಂಟಲು ಸರಿಮಾಡಿಕೊಂಡ.

"ಒಂದು ನಿಜ ಹೇಳ್ಬೇಕು. ಈ ಗೆಲುವು ಅರ್ಧ ರಿಮಾಂತಾಸಂದು. ಫೈನಲಿಗೆ ಎರಡು ದಿನ ಮುಂಚೆ ಫೋನ್ ಮಾಡಿ ಏನಂದ ಗೊತ್ತಾ? 'ಝೆನೋನಾಸ್, ಶನಿವಾರ ನಾನು ದೂರದಿಂದ ಆಡ್ಸ್ತೀನಿ, ನೋಡ್ಕೊ' ಅಂದ. ಈ ನರಿ ನನ್ನ ದಾರಿ ತಪ್ಪಿಸ್ತಿದೆ ಅಂದ್ಕೊಂಡೆ. ಆಮೇಲೆ ಯೋಚ್ನೆ ಮಾಡ್ದೆ, ನಾನು ನಂಬಲ್ಲ ಅಂತ್ಲೇ ನಿಜ ಹೇಳಿರ್ಬೇಕು ಅಂತ. ನಂಬಿದೆ, ಗೆದ್ದೆ. ಹನ್ನೊಂದು ವರ್ಷದಲ್ಲಿ ಇಷ್ಟು ಧೈರ್ಯದ ಆಟ ನಾನು ನೋಡಿಲ್ಲ ಕಣ್ರಯ್ಯಾ."

ಎಲ್ಲರೂ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಒಬ್ಬ ಭಾವನ ಬೆನ್ನು ತಟ್ಟಿದ. ಭಾವನ ಮುಖ ಸುಟ್ಟ ಮಾಂಸದ ಕಡೆಗೆ ತಿರುಗಿತ್ತು.

ಅಕ್ಕನ ಕೈಯ ಸೌಟು ಬಟ್ಟಲಿನ ಮೇಲೆ ಹಾಗೇ ನಿಂತಿತು. ಅದು ವಾಲಿ ಗುಲಾಬಿ ಬಣ್ಣದ ಸಾರು ಮೇಜಿನ ಮೇಲೆ ಚೆಲ್ಲಿತು. ಅವಳು ಸೌಟನ್ನು ಕೆಳಗಿಟ್ಟು, ಅಷ್ಟೂ ಜನರ ನಡುವೆ, ನಾನು ಎಂದೂ ಕೇಳದ ಗಟ್ಟಿ ದನಿಯಲ್ಲಿ ಹೇಳಿದಳು.

"ರಿಮಾಂತಾಸ್, ನೀನೂ ಎದ್ದು ಹೇಳು. ನಮ್ಮ ಟೀಮ್ನ ಹೇಗೆ ಕಟ್ದೆ ಅಂತ."

"ಹೇಳ್ಲಿ, ಹೇಳ್ಲಿ," ಎಂದು ಗಂಡಸರೆಲ್ಲ ದನಿಗೂಡಿಸಿದರು.

ಭಾವ ಎದ್ದ. ಒಳ್ಳೆಯ ಆಟಗಾರರನ್ನು ತೆಗೆದುಕೊಳ್ಳಬೇಕು, ಚೆನ್ನಾಗಿ ತರಬೇತಿ ಕೊಡಬೇಕು ಎಂದ. ಝೆನೋನಾಸ್ ಕುತೂಹಲದಿಂದ ಮುಂದೆ ಬಾಗಿದ. "ಅದಿರ್ಲಿ, ನಿನ್ನ ಹುಡುಗರಿಗೆ ಮೊದಲ ವರ್ಷ ಯಾವುದರಲ್ಲಿ ತರಬೇತಿ ಕೊಡ್ತೀಯ? ನಾನು ಎಷ್ಟು ತಲೆ ಕೆರ್ಕೊಂಡ್ರೂ ಗೊತ್ತಾಗಿಲ್ಲ," ಎಂದ. ಭಾವ ಅಕ್ಕನ ಕಡೆ ನೋಡಿದ. ಶೌಚಾಲಯದಿಂದ ಫೋನ್ ಮಾಡುವ ನೋಟ ಅದು. ಅಕ್ಕ ಚೆಲ್ಲಿದ ಸಾರನ್ನು ಒರೆಸುತ್ತಲೇ ಇದ್ದಳು.

"ಎಸೆಯೋದ್ರಲ್ಲಿ," ಎಂದ ಭಾವ.

ಝೆನೋನಾಸನ ಹುಬ್ಬು ಮೇಲೇರಿತು. ಅದನ್ನು ಅಲ್ಲಿ ಎಲ್ಲರೂ ಮಾಡುತ್ತಿದ್ದರು. ಗಂಡಸರು ತಮ್ಮ ತಮ್ಮ ಬಿಯರಿನ ಕಡೆ ತಿರುಗಿದರು.

ವಾಪಸು ಬರುವಾಗ ಇನ್ನೂ ಬೆಳಕಿತ್ತು. ಭಾವ ಕಾರು ಓಡಿಸುತ್ತಿದ್ದ, ನಾನು ಹಿಂದಿನ ಸೀಟಿನಲ್ಲಿದ್ದೆ.

"ಎಲ್ರ ಮುಂದೆ ನನ್ನ ಮಾನ ಕಳೆದ್ಯಲ್ಲ," ಎಂದ.

ನಾನು ಬಾಯಿ ತೆರೆದೆ. ಅಕ್ಕ ತಿರುಗದೆಯೇ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು. "ಯಾಕೆ ಹೇಳ್ದೆ ಅವನಿಗೆ?" ಎಂದು ಕೇಳಿದಳು.

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಗೇರು ಬದಲಿಸಿದ. ಆಮೇಲೆ, "ಇಷ್ಟು ವರ್ಷ ಎಲ್ರೂ ನನ್ನ ತಲೆ ಅಂದ್ಕೊಂಡಿದ್ರು. ನೀನು ಅಲ್ಲಿ ಎದ್ದು ನಿಂತಿದ್ರೆ, ಸೋಮವಾರ ನಾನು ಕೆಲಸಕ್ಕೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಮಾತು ಕೊಟ್ಬಿಟ್ಟಿದ್ದೆ. ಹೇಗೆ ವಾಪಸ್ ತಗೊಳ್ಳೋದು ಅಂತ ಗೊತ್ತಾಗ್ಲಿಲ್ಲ," ಎಂದ.

"ಎದ್ದು ನಿಲ್ಬೇಡ ಅಂದಿದ್ರೆ ನಿಲ್ತಿರ್ಲಿಲ್ಲ ಕಣೋ," ಎಂದಳು ಅಕ್ಕ. "ಒಂದು ಮಾತು ಸಾಕಿತ್ತು. ಗೆದ್ದು, ಅದನ್ನೂ ನಿನ್ನ ಹೆಸರಿಗೇ ಬಿಟ್ಟುಕೊಡ್ತಿದ್ದೆ. ಉತ್ತರ ಎಲ್ಲ ಬಾಯಿಪಾಠ ಮಾಡಿಸ್ತಿದ್ದೆ. ನೀನು ನನ್ನ ಸೋಲಿಸ್ದೆ. ಸೋಲಿಸಿ, ನಾನೇ ಎಡವಿದೆ ಅಂತ ಪಕ್ಕದಲ್ಲಿ ಕೂತು ಹೇಳ್ದೆ."

ಆಮೇಲೆ ಅವಳು ಅತ್ತಳು. ಅಮ್ಮ ಸತ್ತಾಗಲೂ ಸದ್ದಿಲ್ಲದೆ ಅತ್ತವಳು, ಅಂದು ಉತೆನಾ ತಲುಪುವವರೆಗೂ ಬಿಕ್ಕಿ ಬಿಕ್ಕಿ ಅತ್ತಳು. ಇಳಿಯುವಾಗ ಮೂಗು ಒರೆಸಿಕೊಂಡು, "ಟೀಮು ನಿನ್ನ ಹೆಸರಲ್ಲಿದೆ. ಇವತ್ತಿಂದ ನೀನೇ ನಡ್ಸು," ಎಂದಳು.

ಎರಡು ದಿನ ಹೋದರೆ ಸರಿಹೋಗುತ್ತಾಳೆಂದು ಭಾವ ಎಣಿಸಿದ್ದ. ಅವಳು ಆ ಪುಟವನ್ನು ಮತ್ತೆ ತೆರೆಯಲಿಲ್ಲ. ಹಸಿರು ಉಡುಪನ್ನು ಹೊಲಿಗೆ ಬಿಚ್ಚಿ, ಯಾರಯಾರದೋ ಪ್ಯಾಂಟುಗಳ ಜೇಬಿನ ಒಳಚೀಲಕ್ಕೆ ಬಳಸಿ ಮುಗಿಸಿದಳು. ಈಗಲೂ ಅದೇ ಮನೆಯಲ್ಲಿದ್ದಾರೆ, ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ಉಪ್ಪು ಕೊಡು, ರೊಟ್ಟಿ ತಾ ಎನ್ನುವಷ್ಟು ಮಾತಿದೆ.

ಶರತ್ಕಾಲದಲ್ಲಿ ಅಣಬೆ ಏಳುವ ಹೊತ್ತಿಗೆ ಭಾವ ಅರ್ಧ ತಂಡ ಮಾರಿ ಎರಡು ಮೀಟರಿಗೂ ಮೇಲಿನ ಒಬ್ಬ ದೈತ್ಯನನ್ನು ಕೊಂಡ. ಕೊಕ್ಕರೆಗಳು ಸೋಲತೊಡಗಿದವು. ಕಾರ್ಖಾನೆಯಲ್ಲಿ ದಿನವೂ ಕೇಳುತ್ತಿದ್ದರಂತೆ, ಏನಾಯ್ತಯ್ಯಾ ನಿನ್ನ ತಲೆಗೆ ಎಂದು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಫೋನ್ ಬಂತು. ಅಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು, ನಾನೇ ಎತ್ತಿಕೊಂಡೆ. ಆ ಕಡೆ ನೀರು ಹರಿಯುವ ಸದ್ದು ಕೇಳಿಸುತ್ತಿತ್ತು.

"ಅಕ್ಕ, ಭಾವನ ಫೋನು. ಸಂಬಳಕ್ಕೆ ದುಡ್ಡಿಲ್ವಂತೆ. ಯಾರನ್ನ ಮಾರ್ಲಿ ಅಂತ ಕೇಳ್ತಿದಾರೆ."

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಎಲ್ಲ ಮುಗಿದ ಮೇಲೆ ಹೇಳಿದಳು.

"ಝೆನೋನಾಸನ್ನ ಕೇಳು ಅನ್ನು. ಅವನ ನಂಬರ್ ಇದೆಯಲ್ಲ."