ಮಂಗಳ ಹಾಡಿದ ಮೇಲೆ ಶುರುವಾದ ರಿಸೆಪ್ಶನ್

ಸ್ನೇಹಿತರೇ, ರಿಸೆಪ್ಶನ್ ಎಷ್ಟು ಹೊತ್ತಿರಬೇಕು? ಮದುವೆಗಳಲ್ಲಿ ಹಾಡು ಹಾಕುವ ಡಿಜೆ ನಾನು. ಇವತ್ತು ಮಧ್ಯಾಹ್ನ ಮದ್ರಾಸಿನ ಟಿ. ನಗರದ ಮಂಟಪದಲ್ಲಿ ಈ ಪ್ರಶ್ನೆ ನನ್ನ ತಲೆ ತಿಂದಿತು.

ಕುಣಿಯಲು ಬಿಟ್ಟ ಜಾಗದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಕ್ಯೂನಲ್ಲಿ. ವೇದಿಕೆಯ ಮೇಲೆ ಮದುಮಗಳು ಹೈಹೀಲ್ಸ್‌ನಲ್ಲಿ ನಿಂತೇ ಇದ್ದಾಳೆ. ಮದುಮಗನ ತಂದೆ ಉಡುಪಿ ಕಡೆಯವರು, ಇಲ್ಲೇ ಎಷ್ಟೋ ವರ್ಷಗಳಿಂದ ಹೋಟೆಲು ನಡೆಸುವವರು. ಯಾವಾಗ ಮುಗಿಸೋಣ ಎಂದು ಅವರನ್ನು ಕೇಳಿದೆ.

“ಎಂತ ಅವಸರ ಮಾರಾಯ್ರೆ? ಇನ್ನೂ ಎಷ್ಟು ಜನ ಬರ್ಲಿಕ್ಕುಂಟು!”

ಮದುಮಗಳು ಸನ್ನೆ ಮಾಡಿ ಕರೆದಳು. ಇಲ್ಲೇ ಓದಿ ಬೆಳೆದವಳು, ತಮಿಳಿನಲ್ಲೇ ಕೇಳಿದಳು: “ಅಣ್ಣಾ, ಕಾಲ್ ವಲಿಕ್ಕುದು. ಎಪ್ಪೋ ಮುಡಿಯುಂ?” ಕಾಲು ನೋಯುತ್ತಿದೆಯಂತೆ, ಯಾವಾಗ ಮುಗಿಯುತ್ತದಂತೆ.

ಏನಾಗುತ್ತದೋ ನೋಡೋಣ ಎಂದು ಸಿನಿಮಾ ಹಾಡು ನಿಲ್ಲಿಸಿ, ಸಂಗೀತ ಕಛೇರಿಯ ಕೊನೆಯಲ್ಲಿ ಬರುತ್ತದಲ್ಲ, ಆ ಮಂಗಳವನ್ನು ನಾದಸ್ವರದಲ್ಲಿ ಹಾಕಿಬಿಟ್ಟೆ. ಮದ್ರಾಸಿನ ಕಿವಿಗೆ ಅದಕ್ಕಿಂತ ದೊಡ್ಡ ಅಪ್ಪಣೆಯಿಲ್ಲ. ಕ್ಯೂ ತಾನಾಗಿಯೇ ಕರಗಿತು. ಜನ ಕೈ ಮುಗಿದು, ತಾಂಬೂಲದ ಚೀಲ ಹಿಡಿದು ಹೊರಟರು. ಎಲ್ಲರಿಗಿಂತ ಮುಂದೆ, ಚೀಲ ಹಿಡಿದು ಬಾಗಿಲು ದಾಟಿದವರು ಯಾರು? ಮದುಮಗನ ತಂದೆಯೇ! ಮೆಟ್ಟಿಲಲ್ಲಿ ನೆನಪಾಗಿ ನಿಂತರು.

“ಹೋಯ್, ನಾನೆಂತಕ್ಕೆ ಹೊರಟದ್ದು?”

ಅಷ್ಟರಲ್ಲಿ ಮದುಮಗಳು ಹೀಲ್ಸ್ ಕಳಚಿಟ್ಟು, ಗಂಡನ ಕೈ ಹಿಡಿದು ಕೆಳಗಿಳಿದಿದ್ದಳು. “ಇಪ್ಪೋ ಎಂಗ ಪಾಟ್ಟು ಪೋಡುಂಗ ಅಣ್ಣಾ.” ಅವರಿಬ್ಬರ ಹಾಡು ಹಾಕಿದೆ. ಖಾಲಿ ಮಂಟಪದಲ್ಲಿ ಬರಿಗಾಲಲ್ಲಿ ಕುಣಿದರು.

ಹಾಗಾಗಿ ರಿಸೆಪ್ಶನ್ ಎಷ್ಟು ಹೊತ್ತು ಎಂದರೆ, ಒಂದು ಹಾಡಿನಷ್ಟು. ಉಳಿದದ್ದೆಲ್ಲ ಕ್ಯೂ.