ಬ್ಯಾಡ್ಜ್ ನನ್ನದು, ಚುಚ್ಚಿದ್ದು ಗಂಡನ ಅಂಗಿಗೆ

ಗೆಳೆಯರೇ, ಇವತ್ತು ಮುಳಬಾಗಿಲಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಕೂಟ! ಬರುತ್ತೇನೆಂದು ಹೆಸರು ಕೊಟ್ಟವಳು ನಾನು. ಬಾಗಿಲಲ್ಲಿದ್ದ ಸಂಘಟಕ ನನ್ನ ಹಸಿರು ಬಳೆ, ಅರಿಶಿನದ ದಾರ ನೋಡಿದವನೇ ಬ್ಯಾಡ್ಜನ್ನು ನನ್ನ ಗಂಡನ ಅಂಗಿಗೆ ಚುಚ್ಚಿಬಿಟ್ಟ.

“ಅಕ್ಕಾ, ಹೊಸದಾಗಿ ಮದುವೆ ಆಗಿದೀರ, ಅಲ್ಲಿ ಕೂತ್ಕೊಂಡು ಜ್ಯೂಸ್ ಕುಡೀರಿ. ಈ ರಾಕೆಟ್ಟು, ಏಲಿಯನ್ನು ನಿಮಗೆ ಬೋರಾಗುತ್ತೆ.”

ನನ್ನ ಮುದ್ದು ಗಂಡ ಗಾಬರಿಯಾದ. “ಅಯ್ಯೋ ಸ್ವಾಮಿ, ನಾನು ಬಂದಿರೋದು ಗಾಡಿ ಓಡಿಸೋಕೆ. ರಾಕೆಟ್ ಹಾರೋಷ್ಟರಲ್ಲಿ ನಂಗೆ ನಿದ್ದೆ ಬಂದಿರುತ್ತೆ!”

ಬ್ಯಾಡ್ಜನ್ನು ನಾನೇ ಬಿಚ್ಚಿ, ನನ್ನ ಸೆರಗಿಗೆ ಚುಚ್ಚಿಕೊಂಡು, ಬಳೆ ಸದ್ದು ಮಾಡುತ್ತಲೇ ಮೊದಲ ಸಾಲಿನಲ್ಲಿ ಕೂತೆ. ಜ್ಯೂಸ್ ಗಂಡನ ಪಾಲಾಯಿತು.

ಮುಂದಿನ ಕೂಟಕ್ಕೆ ಅತ್ತೆ, ನಾದಿನಿ ಇಬ್ಬರನ್ನೂ ಕರೆತರುತ್ತೇನೆ. ಬೇರೆ ಗ್ರಹದವರನ್ನು ಸ್ವಾಗತಿಸಲು ತಯಾರಾಗಿರುವವರಿಗೆ ಮೊದಲು ಮುಳಬಾಗಿಲಿನ ಹೆಂಗಸರನ್ನು ಸ್ವಾಗತಿಸಿ ಅಭ್ಯಾಸವಾಗಲಿ!